ಸಾರಾ ಅಪ್ಪನನ್ನು ಮನೆಗೆ ಕರೆದದ್ದು ಸೋಲೇ?

ಆಂಜಿಯಾ ಯೆಜೀರ್ಸ್ಕಾ 1925ರಲ್ಲಿ ಪ್ರಕಟಿಸಿದ 'ಬ್ರೆಡ್ ಗಿವರ್ಸ್' ಕಾದಂಬರಿಯ ಕೊನೆಯ ಪುಟ ಓದಿದವರು ಸುಮ್ಮನಿರುವುದು ಕಷ್ಟ. ನ್ಯೂಯಾರ್ಕಿನ ಹೆಸ್ಟರ್ ಬೀದಿಯಲ್ಲಿ ಒಂದು ಬಡ ಯಹೂದಿ ಮನೆ. ಅಪ್ಪ ರೆಬ್ ಸ್ಮೊಲಿನ್ಸ್ಕಿಗೆ ಯಹೂದಿ ಧರ್ಮಗ್ರಂಥ ತೋರಾ ಓದುವುದೇ ಕೆಲಸ. ದುಡಿದು ಹಾಕುವವರು ನಾಲ್ವರು ಹೆಣ್ಣುಮಕ್ಕಳು. ಕಿರಿಯವಳು ಸಾರಾ ಹದಿನೇಳಕ್ಕೇ ಮನೆ ಬಿಟ್ಟು, ಓದಿ, ಟೀಚರ್ ಆಗುತ್ತಾಳೆ. ಕೊನೆಗೆ ಅದೇ ಅಪ್ಪನನ್ನು ತನ್ನ ಜೊತೆ ಇರಲು ಕರೆಯುತ್ತಾಳೆ. ಯಾಕೆ ಕರೆದಳು? ಎರಡೂ ಕಡೆಯ ವಾದ ನಾನೇ ಬರೆದಿದ್ದೇನೆ. ನನ್ನ ಒಲವು ಯಾವ ಕಡೆ ಅಂತ ನಿಮಗೇ ಗೊತ್ತಾಗುತ್ತದೆ.

ಪರ: ಹೌದು, ಸೋಲೇ

ಈ ಅಪ್ಪ ಏನೇನು ಮಾಡಿದ್ದಾನೆ ನೋಡಿ. ದೊಡ್ಡ ಮಗಳು ಬೆಸ್ಸಿಯನ್ನು ಕೇಳಿಕೊಂಡು ಬೆರೆಲ್ ಬರ್ನ್‌ಸ್ಟೈನ್ ಎಂಬ ಒಳ್ಳೆಯ ಹುಡುಗ ಬಂದ. ವರದಕ್ಷಿಣೆಯೂ ಬೇಡ ಅಂದ. ಆದರೆ ಮನೆಗೆ ಜಾಸ್ತಿ ದುಡಿದು ತರುವವಳು ಅವಳೇ. ಆ ಸಂಬಳ ನಿಂತರೆ ತನ್ನ ಗತಿಯೇನು? ಮದುವೆ ಖರ್ಚು ನಿನ್ನದೇ, ನನಗೊಂದು ವ್ಯಾಪಾರವನ್ನೂ ಹಾಕಿಕೊಡು ಅಂತ ಅಪ್ಪ ಹಠ ಹಿಡಿದ. ಹುಡುಗ ಎದ್ದು ಹೋದ. ಆಮೇಲೆ ಬೆಸ್ಸಿಯನ್ನು ಮೀನು ಮಾರುವ ಜಾಲ್ಮನ್‌ಗೆ ಕೊಟ್ಟ. ಹೆಂಡತಿ ಸತ್ತ, ಮಕ್ಕಳಿರುವ ಗಂಡು. ಅಪ್ಪನ ಕೈಗೆ ದುಡ್ಡು ಬಂತು. ನ್ಯೂಜೆರ್ಸಿಯ ಎಲಿಜಬೆತ್ ಊರಿನಲ್ಲಿ ಒಂದು ದಿನಸಿ ಅಂಗಡಿ ಕೊಂಡ. ಅಲ್ಲೂ ಮೋಸ ಹೋದ.

ಇನ್ನೊಬ್ಬ ಮಗಳು ಮಾಷಾ ಇಷ್ಟಪಟ್ಟದ್ದು ಪಿಯಾನೋ ನುಡಿಸುವವನನ್ನು. ಸಿಕ್ಕಿದ್ದು ವಜ್ರದ ವ್ಯಾಪಾರಿ ಅಂತ ಸುಳ್ಳು ಹೇಳಿಕೊಂಡು ಬಂದವನು. ಮತ್ತೊಬ್ಬಳು ಫಾನಿಯಾ ಮೆಚ್ಚಿದ ಕವಿಗೂ ಬಾಗಿಲು ಮುಚ್ಚಿತು. ಮೂವರ ಬದುಕೂ ಅಪ್ಪನ ಲೆಕ್ಕದಲ್ಲಿ ಹೋಯಿತು.

ಸಾರಾ ಇದನ್ನೆಲ್ಲ ನೋಡಿಯೇ ಹೊರಟವಳು. ಹಗಲು ಲಾಂಡ್ರಿಯಲ್ಲಿ ಇಸ್ತ್ರಿ, ರಾತ್ರಿ ಶಾಲೆ. ಒಂದು ದಿನ ಹಸಿದು ಊಟದ ಸಾಲಿನಲ್ಲಿ ನಿಂತಿದ್ದಾಳೆ. ಬಡಿಸುವವಳು ಅವಳ ತಟ್ಟೆಗೆ ಆಲೂಗಡ್ಡೆ ಹಾಕಿ, ಚೂರು ಮಾಂಸ ತೋರಿಸುತ್ತಾಳೆ. ಅದೇ ಸೌಟು ಪಕ್ಕದ ಗಂಡಸಿನ ತಟ್ಟೆಗೆ ಹೋದಾಗ ದಪ್ಪ ದಪ್ಪ ತುಂಡು. ಯಾಕೆ ಅಂತ ಕೇಳಿದರೆ, ಗಂಡಸರಿಗೆ ಯಾವಾಗಲೂ ಜಾಸ್ತಿಯೇ ಅಲ್ವಾ ಅನ್ನುವ ಉತ್ತರ. ಹೆಂಗಸು ಗಂಡಸಿನ ದೆಸೆಯಿಂದಲೇ ಸ್ವರ್ಗ ಸೇರಬೇಕು ಅನ್ನುತ್ತಿದ್ದ ಅಪ್ಪನ ಮಾತು ಇಲ್ಲಿ ಸೌಟಿಗೆ ಬಂದಿದೆ, ಅಷ್ಟೇ.

ಇಷ್ಟು ಕಂಡವಳು ಮತ್ತೆ ಅಪ್ಪನನ್ನು ಯಾಕೆ ಕರೆಯಬೇಕು? ಅವಳು ಮೆಚ್ಚಿದ ಹ್ಯೂಗೋ, ಅವಳ ಶಾಲೆಯ ಪ್ರಿನ್ಸಿಪಾಲ್, ಮುದುಕನ ಹತ್ತಿರ ಹೀಬ್ರೂ ಕಲಿಯಲು ಉತ್ಸಾಹದಿಂದ ಕೂರುತ್ತಾನೆ. ಗಂಡಸರಿಬ್ಬರೂ ಒಂದಾದರು. ಅಪ್ಪನೋ, ಬರುತ್ತೇನೆ ಅಂತ ಕೂಡ ಒಪ್ಪುವುದಿಲ್ಲ. ನನಗೆ ಪವಿತ್ರವಾದದ್ದನ್ನೆಲ್ಲ ನೀವು ಪಾಲಿಸುವುದಾದರೆ ಯೋಚಿಸುತ್ತೇನೆ ಅನ್ನುತ್ತಾನೆ. ಬೀದಿಯಲ್ಲಿ ಚೂಯಿಂಗ್ ಗಮ್ ಮಾರುವ ಸ್ಥಿತಿಗೆ ಬಂದ ಮೇಲೂ ಷರತ್ತು ಅವನದೇ! ಅಪ್ಪನಷ್ಟೇ ಅಲ್ಲ, ಅವನನ್ನು ರೂಪಿಸಿದ ತಲೆಮಾರುಗಳ ಭಾರವೂ ತನ್ನ ಮೇಲಿದೆ ಅಂತ ಸಾರಾಗೇ ಅನಿಸುತ್ತದೆ. ಇದನ್ನು ಗೆಲುವು ಅನ್ನುವುದು ಹೇಗೆ?

ವಿರೋಧ: ಅಲ್ಲ, ಅದು ಬೇರೆ ಲೆಕ್ಕ

ಮೊದಲು ಒಂದು ಮಾತು. ಅಪ್ಪ ಬರೀ ಸೋಮಾರಿ ಅಲ್ಲ. ಪೂರ್ವ ಯುರೋಪಿನ ಯಹೂದಿ ಊರುಗಳಲ್ಲಿ ಗಂಡ ಧರ್ಮಗ್ರಂಥ ಓದುವುದು, ಹೆಂಡತಿ ಅಂಗಡಿ ನೋಡಿಕೊಳ್ಳುವುದು ಮರ್ಯಾದೆಯ ಬದುಕೇ ಆಗಿತ್ತು. 1881ರಿಂದ 1924ರವರೆಗೆ ಸುಮಾರು 20 ಲಕ್ಷ ಜನ ಅಲ್ಲಿಂದ ಅಮೆರಿಕಕ್ಕೆ ಬಂದರು. ಆ ಪದ್ಧತಿಯೂ ಹಡಗು ಹತ್ತಿತು. ಇಲ್ಲಿ ತಿಂಗಳ ಬಾಡಿಗೆಯ ಮುಂದೆ ಅದು ಮಕ್ಕಳನ್ನು ಹಿಂಡುವ ಪದ್ಧತಿಯಾಯಿತು. ಬಾಡಿಗೆ ವಸೂಲಿಗೆ ಬಂದವಳು ಪವಿತ್ರ ಗ್ರಂಥ ತುಳಿದಾಗ ಅಪ್ಪ ಅವಳ ಕೆನ್ನೆಗೆ ಹೊಡೆಯುತ್ತಾನೆ. ಕೋರ್ಟಿನಿಂದ ಬಿಡುಗಡೆಯಾಗಿ ಬಂದಾಗ ಬೀದಿಗೆ ಬೀದಿಯೇ ಅವನನ್ನು ಮೆರೆಸುತ್ತದೆ. ಹೊಡೆದದ್ದು ತಪ್ಪು. ಆದರೂ ಓದುವಾಗ ನನಗೂ ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳಲ್ಲ.

ಸಾರಾಳ ಹಠ ಎಲ್ಲಿಂದ ಬಂತು? ಹತ್ತು ವರ್ಷದವಳಿದ್ದಾಗ ಪಕ್ಕದ ಬಡ ಮುದುಕಿ ಮಾರಲು ಮೀನನ್ನು ಸುಮ್ನೆ ಕೊಡುತ್ತೇನೆ ಅಂದಳು. ಭಿಕ್ಷೆ ಬೇಡ, ಸಾಲ ಕೊಡು, ಕೊಂಡು ಮಾರುತ್ತೇನೆ ಅಂದವಳು ಇವಳು. ಒಂದಕ್ಕೆ ಎರಡು ಸೆಂಟ್ ಅಂತ ಕೂಗಿ ಮಾರಿ ಲಾಭವನ್ನೂ ತಂದಳು. ಅವಳನ್ನು ಮನೆಯವರು ಕರೆಯುತ್ತಿದ್ದದ್ದೇ ರಕ್ತ-ಕಬ್ಬಿಣ ಅಂತ. ಅಪ್ಪನಿಗೆ ಗ್ರಂಥ ಹೇಗೋ, ಅವಳಿಗೆ ಕಾಲೇಜು ಹಾಗೆ. ಇಬ್ಬರೂ ಪುಸ್ತಕಕ್ಕಾಗಿ ಮನೆಯವರನ್ನು ಬದಿಗಿಟ್ಟವರು.

ಬದಿಗಿಟ್ಟದ್ದು ಯಾರನ್ನು ಅಂತ ಕೇಳಿದರೆ ನನಗೆ ನೆನಪಾಗುವುದು ಅಮ್ಮ. ಒಂದು ಕೊರೆಯುವ ರಾತ್ರಿ ಅಮ್ಮ ಎಲಿಜಬೆತ್‌ನಿಂದ ಮಗಳ ಬಾಡಿಗೆ ಕೋಣೆಗೆ ಬರುತ್ತಾಳೆ. ಹೊತ್ತು ತಂದದ್ದು ಗರಿ ತುಂಬಿದ ಹಾಸಿಗೆ, ಜೊತೆಗೆ ಉಪ್ಪಿನಲ್ಲಿ ಹಾಕಿದ ಹೆರಿಂಗ್ ಮೀನಿನ ಜಾಡಿ. ಒಮ್ಮೆ ಮನೆಗೆ ಬಾ ಅನ್ನುತ್ತಾಳೆ. ನಿನ್ನನ್ನು ಆಮೇಲೂ ನೋಡಬಹುದು, ಓದು ಆಮೇಲೆ ಸಿಗಲ್ಲ ಅಂತ ಮಗಳು ಹೇಳುತ್ತಾಳೆ. ಅವಳು ಮನೆಗೆ ಹೋದದ್ದು ಆರು ವರ್ಷದ ಮೇಲೆ, ಕಾಲೇಜು ಮುಗಿಸಿ, ಪ್ರಬಂಧ ಸ್ಪರ್ಧೆಯಲ್ಲಿ ಸಾವಿರ ಡಾಲರ್ ಗೆದ್ದು. ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಅಪ್ಪನನ್ನು ನೋಡಿಕೋ ಅಂತ ಹೇಳಿ ಹೋದಳು.

ಅಂತ್ಯಕ್ರಿಯೆಯಲ್ಲಿ ಶೋಕಕ್ಕೆ ಬಟ್ಟೆ ಹರಿದುಕೊಳ್ಳುವ ಪದ್ಧತಿ ಇದೆ. ಎಲ್ಲರೂ ಹರಿಸಿಕೊಂಡರು. ಸಾರಾ ಒಪ್ಪಲಿಲ್ಲ. ಇರುವುದೊಂದೇ ಸೂಟು, ಇದರಲ್ಲಿ ನನಗೆ ನಂಬಿಕೆಯೂ ಇಲ್ಲ ಅಂದಳು. ನೆರೆದವರು ಬಾಯಿ ಬಿಟ್ಟು ನೋಡಿದರು. ಸೋತು ಶರಣಾಗುವ ಹೆಂಗಸು ಇವಳಲ್ಲ.

ಹಾಗಾಗಿ ಅಪ್ಪನನ್ನು ಕರೆಯುವವಳು ಹೆದರಿದ ಮಗಳಲ್ಲ. ಸಂಬಳ ಅವಳದು, ಕರೆಯುವ ಮಾತೂ ಅವಳದು. ಅಪ್ಪ ಷರತ್ತು ಹಾಕಬಹುದು, ಬೆಸ್ಸಿಯ ಮದುವೆ ಮುರಿದ ಹಾಗೆ ಇವಳದನ್ನು ಮುರಿಯಲಾರ. ಹೊರೆ ಇದೆ, ನಿಜ. ಆದರೆ ಇದು ಅಪ್ಪನ ಋಣಕ್ಕಿಂತ ಅಮ್ಮನ ಋಣ ಅಂತ ನನಗೆ ಕಾಣುತ್ತದೆ. ಆ ಚಳಿಯಲ್ಲಿ ಹಾಸಿಗೆಯನ್ನು ಅಷ್ಟು ದೂರ ಹೊತ್ತು ತಂದವಳು ಕೇಳಿದ್ದು ಒಂದೇ ಒಂದು ಭೇಟಿ. ಅದನ್ನು ಸಾರಾ ಕೊಟ್ಟಿರಲಿಲ್ಲ.