ಗುಮಾಸ್ತರು ಎಳೆದ ಗೆರೆ

ಜಪಾನಿನ ಹಳೇ ಪ್ರಾಂತ್ಯಗಳ ನಕ್ಷೆ ಎಲ್ಲಾದರೂ ಕಂಡರೆ ಅದರ ಕೆಳಗೆ 'ಸಮುರಾಯ್ ಕಾಲದ ರಾಜ್ಯಗಳು' ಅಂತ ಬರೆದಿರುತ್ತಾರೆ. ಒಂದೊಂದಕ್ಕೂ ಒಬ್ಬ ದೊರೆ, ಒಂದು ಕೋಟೆ, ಒಂದು ಬಣ್ಣ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಈಗ ಅಂಥ ನಕ್ಷೆ ಕಂಡರೆ ಜಗಳ ತೆಗೆಯಬೇಕು ಅನ್ನಿಸುತ್ತದೆ.

ಯಾಕೆಂದರೆ ಆ ಗೆರೆ ಎಳೆದವರು ಕಂದಾಯದ ಲೆಕ್ಕ ಬರೆಯುವವರು. 7ನೇ ಶತಮಾನದ ಕೊನೆಯಲ್ಲಿ ಜಪಾನಿನ ಅರಮನೆ ಚೀನಾವನ್ನು ನೋಡಿಕೊಂಡು ಆಡಳಿತ ಕಟ್ಟಲು ಹೊರಟಿತು. 701ರ ತೈಹೊ ಕಾನೂನಿನ ಹೊತ್ತಿಗೆ ದೇಶ 'ಕುನಿ'ಗಳಾಗಿ, ಅಂದರೆ ಪ್ರಾಂತ್ಯಗಳಾಗಿ, ಹಂಚಿಕೆಯಾಗಿತ್ತು. ಪ್ರತಿ ಕುನಿಗೂ ರಾಜಧಾನಿಯಿಂದ ಒಬ್ಬ ಅಧಿಕಾರಿ ಬರುತ್ತಿದ್ದ. ಜನರನ್ನು ಎಣಿಸುವುದು, ಗದ್ದೆ ಲೆಕ್ಕ ಇಡುವುದು, ತೆರಿಗೆ ಕಳಿಸುವುದು ಅವನ ಕೆಲಸ. ಅವಧಿ ಮುಗಿದರೆ ಗಂಟುಮೂಟೆ ಕಟ್ಟಬೇಕು. 824ರಲ್ಲಿ ಲೆಕ್ಕ 66 ಕುನಿ, ಜೊತೆಗೆ ಇಕಿ, ತ್ಸುಶಿಮಾ ಅನ್ನುವ ಎರಡು ದ್ವೀಪ ಅಂತ ನಿಂತಿತು. ಸಾವಿರ ವರ್ಷ ಅದೇ ನಡೆಯಿತು. ಸಮುರಾಯ್ ನಾಯಕ ಮಿನಾಮೊತೊ ಯೊರಿತೊಮೊ ತನ್ನ ಕಡೆಯ ಸಮುರಾಯ್‌ಗಳನ್ನು ಕುನಿಗಳಿಗೆ ನೇಮಿಸುವ ಅಧಿಕಾರ ಪಡೆದದ್ದು 1185ರಲ್ಲಿ. ಅಷ್ಟರಲ್ಲಿ ಈ ಗೆರೆಗಳಿಗೆ ಐದುನೂರು ವರ್ಷ ಆಗುತ್ತಾ ಬಂದಿತ್ತು.

ಹೆಸರು ನೋಡಿದರೇ ಗೊತ್ತಾಗುತ್ತದೆ, ಇದು ರಾಜಧಾನಿಯಲ್ಲಿ ಕೂತವರ ಕೆಲಸ. ಪಶ್ಚಿಮ ಕರಾವಳಿಯ ಕೊಶಿ ಸೀಮೆಯನ್ನು ಎಚಿಜೆನ್, ಎಚ್ಚೂ, ಎಚಿಗೊ ಅಂತ ಹೋಳು ಮಾಡಿದರು. ಮುಂದಿನ ಕೊಶಿ, ನಡುವಿನ ಕೊಶಿ, ಹಿಂದಿನ ಕೊಶಿ. ಯಾರಿಗೆ ಮುಂದು, ಯಾರಿಗೆ ಹಿಂದು? ಎಚಿಗೊದ ರೈತನಿಗೆ ತನ್ನ ಗದ್ದೆ ಹಿಂದೆ ಇದೆ ಅಂತ ಅನ್ನಿಸಿರಲಿಕ್ಕಿಲ್ಲ. ಬಿವಾ ಸರೋವರದ ಸೀಮೆ ಓಮಿ, ಅಂದರೆ ಹತ್ತಿರದ ಸಿಹಿನೀರು. ಹಮಾನಾ ಸರೋವರದ ಸೀಮೆ ತೋತೋಮಿ, ದೂರದ ಸಿಹಿನೀರು. ತಮಾಷೆ ಏನೆಂದರೆ, 1498ರ ಭೂಕಂಪದಲ್ಲಿ ಹಮಾನಾದ ದಂಡೆ ಒಡೆದು ಸಮುದ್ರ ಒಳಗೆ ನುಗ್ಗಿತು. ನೀರು ಉಪ್ಪಾಯಿತು, ಹೆಸರು ಮಾತ್ರ ಸಿಹಿಯಾಗೇ ಉಳಿಯಿತು.

ನನಗೆ ಜಾಸ್ತಿ ಇಷ್ಟವಾದ ಜೋಡಿ ಕಜುಸಾ, ಶಿಮೋಸಾ. ಇವು ಇಂದಿನ ಟೋಕಿಯೊ ಕೊಲ್ಲಿಯ ಪೂರ್ವಕ್ಕಿವೆ. ಮೇಲಿನದು, ಕೆಳಗಿನದು ಅಂತ ಅರ್ಥ. ಆದರೆ ನಕ್ಷೆಯಲ್ಲಿ 'ಮೇಲಿನ' ಕಜುಸಾ ಕೆಳಗೆ, ದಕ್ಷಿಣದಲ್ಲಿದೆ! ಆಗಿನ ದಾರಿ ನೋಡಿದರೆ ಒಗಟು ಬಿಡುತ್ತದೆ. ರಾಜಧಾನಿಯಿಂದ ಬಂದವರು ಪಶ್ಚಿಮ ದಡದ ಮಿಉರಾ ಕಡೆಯಿಂದ ದೋಣಿಯಲ್ಲಿ ಕೊಲ್ಲಿ ದಾಟಿ ಮೊದಲು ಇಳಿಯುತ್ತಿದ್ದುದು ಕಜುಸಾದಲ್ಲಿ. ಮೊದಲು ಸಿಗುವುದು 'ಮೇಲು'. 771ರಲ್ಲಿ ಕೊಲ್ಲಿಯ ತಲೆಯ ಮೇಲಿರುವ ಮುಸಾಶಿ ಕುನಿಯನ್ನು ತೋಕೈದೊಗೆ, ಅಂದರೆ ರಾಜಧಾನಿಯಿಂದ ಪೂರ್ವಕ್ಕೆ ಹೋಗುವ ಕರಾವಳಿ ದಾರಿಗೆ, ಸೇರಿಸಿದರು, ನಡೆದೇ ಹೋಗುವ ದಾರಿ ಮುಖ್ಯವಾಯಿತು. ಆ ದಾರಿಯಲ್ಲಿ ಮೊದಲು ಸಿಗುವುದು ಶಿಮೋಸಾ. ಹೆಸರನ್ನು ಯಾರೂ ತಿರುಗಿಸಿ ಹಾಕಲಿಲ್ಲ.

ಇನ್ನೊಂದು ಆಜ್ಞೆ 713ರದ್ದು. ಎಲ್ಲ ಹೆಸರೂ ಎರಡೇ ಲಿಪಿಚಿಹ್ನೆಗಳಲ್ಲಿ ಇರಬೇಕು, ಅವುಗಳ ಅರ್ಥವೂ ಚೆನ್ನಾಗಿರಬೇಕು. 'ಕಿ' ಅಂತ ಪುಟ್ಟ ಹೆಸರಿದ್ದ ಕುನಿಗೆ ಸಂಕಟ. ಎರಡನೆಯದನ್ನು ತುಂಬಿಸಲು ಸುಮ್ನೆ ಒಂದು 'ಇ' ಅಂಟಿಸಿದರು. ಅದೇ ಕಿಯಿ. ಕಚೇರಿಯ ಬುದ್ಧಿ ಎಲ್ಲ ಕಾಲಕ್ಕೂ ಒಂದೇ, ಅಲ್ವಾ?

ಹಾಗಾದರೆ ಸಮುರಾಯ್‌ಗಳು? ಅವರು ಈ ಹೆಸರುಗಳಿಗಾಗಿ ಹೊಡೆದಾಡಿದರು, ಆದರೆ ಅವರ ಸೀಮೆಗೂ ಕುನಿಗೂ ತಾಳೆ ಆಗುತ್ತಿದ್ದುದು ಅಪರೂಪ. ಎದೊ ಕಾಲದಲ್ಲಿ (1603-1868) ಮಾಎದಾ ಮನೆತನದ ಕೈಯಲ್ಲಿ ಕಾಗಾ, ನೊತೊ, ಎಚ್ಚೂ ಮೂರೂ ಸೀಮೆಗಳಿದ್ದವು. ಅತ್ತ ಶಿನಾನೊ ಒಂದೇ ಕುನಿ, ಒಳಗೆ ಸುಮಾರು ಹತ್ತು ದೊರೆಗಳು. ಹೋಗಲಿ, ಬಿರುದುಗಳಾದರೂ ನಂಬುವಂತಿದ್ದವಾ? 'ಎಚಿಜೆನ್‌ನ ಅಧಿಪತಿ' ಅಂತ ಕರೆಸಿಕೊಂಡ ಓಓಕಾ ತದಾಸುಕೆ 1717ರಿಂದ ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ನ್ಯಾಯ ಹೇಳುತ್ತಿದ್ದ. ಎಚಿಜೆನ್ ಅವನ ಕೈಯಲ್ಲಿರಲಿಲ್ಲ.

1871ರಲ್ಲಿ, ಎದೊ ಕಾಲ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ದೊರೆಗಳ ಸೀಮೆಗಳನ್ನು ರದ್ದು ಮಾಡಿ 'ಕೆನ್' ಅನ್ನುವ ಹೊಸ ಜಿಲ್ಲೆಗಳನ್ನು ಮಾಡಿತು. ಕುನಿಗಳನ್ನು ರದ್ದು ಮಾಡುವ ಆಜ್ಞೆಯನ್ನು ಮಾತ್ರ ಯಾರೂ ಹೊರಡಿಸಲಿಲ್ಲ. ಹಾಗಾಗಿ ಅವು ಸತ್ತೂ ಇಲ್ಲ, ಬದುಕಿಯೂ ಇಲ್ಲ. ಶಿನಾನೊ ಈಗ ನಾಗಾನೊ ಕೆನ್. ನಾಗಾನೊ ಅಂದರೆ ಒಂದು ಊರಿನ ಹೆಸರು. ಮತ್ಸುಮೊತೊ ಊರಿನವರಿಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. 1876ರ ತನಕ ಅವರದ್ದೇ ಬೇರೆ ಕೆನ್ ಇತ್ತು. ಅದಕ್ಕೇ ಅಲ್ಲಿ 'ಶಿನ್‌ಶೂ' ಅನ್ನುವ, ಶಿನಾನೊದ ಇನ್ನೊಂದು ಹಳೇ ಹೆಸರು ಎಲ್ಲೆಲ್ಲೂ ಓಡುತ್ತದೆ. ಸೋಯಾದ ಮಿಸೋಗೂ ಶಿನ್‌ಶೂ, ಸೋಬಾ ನೂಡಲ್ಸಿಗೂ ಶಿನ್‌ಶೂ, ಮತ್ಸುಮೊತೊದಲ್ಲಿ ಮುಖ್ಯ ಕಚೇರಿ ಇರುವ ವಿಶ್ವವಿದ್ಯಾಲಯಕ್ಕೂ ಶಿನ್‌ಶೂ. ಕಂದಾಯಕ್ಕಾಗಿ ಹುಟ್ಟಿದ ಹೆಸರು ಜನರ ಅಭಿಮಾನದ ಹೆಸರಾಯಿತು. ಕುನಿ ಅನ್ನುವ ಮಾತಿಗೆ ದೇಶ ಅಂತಲೂ ಅರ್ಥ, ಹುಟ್ಟಿದ ಸೀಮೆ ಅಂತಲೂ ಅರ್ಥ. ನಮ್ಮ 'ನಾಡು' ಇದಕ್ಕೆ ಸರಿಯಾಗಿ ಕೂರುತ್ತದೆ. ಇಂಗ್ಲಿಷಿನ 'ಪ್ರಾವಿನ್ಸ್'ನಲ್ಲಿ ಆ ಬಿಸಿ ಇಲ್ಲ.

ಈಗ ಗೆಣಸಿನ ವಿಷಯ. ಜಪಾನಿನಲ್ಲಿ ಸಿಹಿಗೆಣಸಿಗೆ 'ಸತ್ಸುಮಾ ಇಮೊ' ಅನ್ನುತ್ತಾರೆ, ಸತ್ಸುಮಾ ಕುನಿಯಿಂದ ಬಂದ ಗೆಡ್ಡೆ ಅಂತ. ಆ ಸತ್ಸುಮಾಗೇ, ಅಂದರೆ ಈಗಿನ ಕಾಗೊಶಿಮಾಗೆ, ಹೋಗಿ ಕೇಳಿದರೆ ಹಿರಿಯರು ಅದನ್ನು 'ಕರಾಇಮೊ' ಅನ್ನುತ್ತಾರೆ. ಚೀನಾದ ಗೆಡ್ಡೆ ಅಂತ.