ಆನ್‌ಮೆಲ್ಡುಂಗ್ ಮಾಡಿಸಿಕೊಡಲಾಗದ ಕೋಣೆಯನ್ನು ಬಾಡಿಗೆಗೆ ಕೊಡಬೇಡಿ

ಜರ್ಮನಿಗೆ ಬಂದು ಒಂದು ಮನೆಯಲ್ಲಿ ನೆಲೆ ನಿಂತವರು ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು, ಆನ್‌ಮೆಲ್ಡುಂಗ್ ಎಂದರೆ ಇದೇ ನೋಂದಣಿ, ಎಂಬುದು ಇಲ್ಲಿರುವ ಪ್ರತಿಯೊಬ್ಬ ಕನ್ನಡಿಗರಿಗೂ ಗೊತ್ತು. ಅದಕ್ಕೆ ಬೇಕಾದ ಮುಖ್ಯ ಕಾಗದ ಹೊಸಬರ ಕೈಯಲ್ಲಿರುವುದಿಲ್ಲ, ಮನೆ ಕೊಟ್ಟವರ ಕೈಯಲ್ಲಿರುತ್ತದೆ ಎಂಬುದೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ನಮ್ಮವರೇ, ರಾಜ್ಯೋತ್ಸವದ ದಿನ ನಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ನಾಡಗೀತೆ ಹಾಡುವವರೇ, ಮೊನ್ನೆ ಮೊನ್ನೆ ವಿಮಾನ ಇಳಿದ ಮಕ್ಕಳಿಗೆ ಕೋಣೆ ಕೊಟ್ಟು, ಬಾಡಿಗೆಯನ್ನೂ ಮುಂಗಡವನ್ನೂ ತೆಗೆದುಕೊಂಡು, ಆ ಒಂದು ಕಾಗದಕ್ಕೆ ಸಹಿ ಹಾಕಲು ಮಾತ್ರ ಒಲ್ಲೆ ಎನ್ನುತ್ತಿದ್ದಾರೆ. ನಾನು ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದರೆ ಬರೆಯದೆಯೇ ಉಳಿದುಬಿಡುತ್ತೇನೆ.

ಹೊಸದಾಗಿ ಬಂದ ವಿದ್ಯಾರ್ಥಿಗಳ ಜೊತೆ ಕಚೇರಿಗಳಿಗೆ ಹೋಗಿಬರುವುದು ನನಗೆ ರೂಢಿಯೆಂದು ಸ್ನೇಹಿತರಿಗೆಲ್ಲ ಗೊತ್ತೇ ಇದೆ. ಇಂದು ಬೆಳಿಗ್ಗೆ ಜೊತೆಗೆ ಹೋದದ್ದು ಹಾಸನದ ಕಡೆಯ ಒಬ್ಬ ಹುಡುಗಿಯ ಸಂಗಡ. ಅವಳ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಪಾಸ್‌ಪೋರ್ಟು, ವೀಸಾ, ವಿಶ್ವವಿದ್ಯಾಲಯದ ಪ್ರವೇಶ ಪತ್ರ, ಆರೋಗ್ಯ ವಿಮೆಯ ಕಾಗದ, ಬಾಡಿಗೆಯ ಕರಾರು ಎಲ್ಲವೂ ಒಂದರ ಹಿಂದೊಂದು ಕ್ಲಿಪ್ ಹಾಕಿಕೊಂಡು ಕೂತಿದ್ದವು. ಮೇಜಿನ ಆಚೆ ಇದ್ದ ಅಧಿಕಾರಿ ಅವುಗಳನ್ನು ಎರಡು ಸಲ ಮಗುಚಿ ನೋಡಿ, ಮನೆ ಕೊಟ್ಟವರ ದೃಢೀಕರಣ ಪತ್ರ ಎಲ್ಲಿ ಎಂದು ಕೇಳಿದರು. ಹುಡುಗಿ ಬಾಡಿಗೆಯ ಕರಾರನ್ನು ಮುಂದಕ್ಕೆ ಸರಿಸಿದಳು. ಕರಾರು ಸಾಲದು ಎಂದು ಅಧಿಕಾರಿ ಖಾಲಿ ನಮೂನೆಯೊಂದನ್ನು ತೆಗೆದು, ಸಹಿ ಬೀಳಬೇಕಾದ ಜಾಗಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ಇದನ್ನು ತುಂಬಿಸಿಕೊಂಡು ಬನ್ನಿ ಎಂದು ಸೌಜನ್ಯದಿಂದಲೇ ವಾಪಸು ಕಳಿಸಿದರು. ಅಧಿಕಾರಿಯ ಮೇಲೆ ನನ್ನ ದೂರಿಲ್ಲ. ಅವರು ಕಾನೂನು ಹೇಳಿದಂತೆ ನಡೆದುಕೊಂಡರು.

ಹೊರಗೆ ಬಂದು ಹುಡುಗಿ ಕೋಣೆ ಕೊಟ್ಟವರಿಗೆ ಫೋನು ಮಾಡಿದಳು. "ಅಣ್ಣ, ಬರೀ ಒಂದು ಸಹಿ ಅಣ್ಣ, ನಾನೇ ತಗೊಂಡು ಬರ್ತೀನಿ" ಎಂದು ಅವಳು ಹೇಳುತ್ತಿದ್ದುದು, ಆ ಕಡೆಯಿಂದ "ಅದೆಲ್ಲ ಆಗಲ್ಲಮ್ಮ, ಮೊದ್ಲೇ ಹೇಳಿದ್ನಲ್ಲ, ಒಂದಾರು ತಿಂಗಳು ಹಾಗೇ ಇರು, ಯಾರೂ ಕೇಳಲ್ಲ" ಎಂಬ ಉತ್ತರ ಬಂದುದು ಪಕ್ಕದಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಆ ಮನುಷ್ಯರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಏಕೆಂದರೆ ಇದೇ ಉತ್ತರವನ್ನು ಇದೇ ಧಾಟಿಯಲ್ಲಿ ಕೊಟ್ಟ ಬೇರೆಯವರನ್ನೂ ನಾನು ಬಲ್ಲೆ, ನೀವೂ ಬಲ್ಲಿರಿ.

ಯಾರೂ ಕೇಳುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಇಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ. ಓದಲು ಬಂದವರ ವೀಸಾ ಸಾಮಾನ್ಯವಾಗಿ ಕೆಲವು ತಿಂಗಳ ಮಟ್ಟಿಗಷ್ಟೇ ಇರುತ್ತದೆ. ಅದು ಮುಗಿಯುವುದರೊಳಗೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಅರ್ಜಿಯ ಜೊತೆ ನೋಂದಣಿಯ ಪತ್ರವನ್ನು ಕೇಳುತ್ತಾರೆ. ಯಾವ ಊರಿನ ಕಚೇರಿ ಅರ್ಜಿಯನ್ನು ತೆಗೆದುಕೊಳ್ಳಬೇಕು ಎಂಬುದೇ ನೋಂದಣಿಯಾದ ವಿಳಾಸದ ಮೇಲೆ ನಿಂತಿದೆ. ಹನ್ನೊಂದು ಅಂಕಿಗಳ ತೆರಿಗೆ ಗುರುತು ಸಂಖ್ಯೆ ನೋಂದಣಿಯಾದ ಮೇಲೆ ಅಂಚೆಯಲ್ಲಿ ತಾನಾಗಿ ಮನೆಗೆ ಬರುತ್ತದೆ. ಅದಿಲ್ಲದೆ ಕೆಲಸಕ್ಕೆ ಸೇರಿದರೆ ಅತಿ ಹೆಚ್ಚು ಕಡಿತವಿರುವ ಆರನೆಯ ತೆರಿಗೆ ವರ್ಗಕ್ಕೆ ಬೀಳುವ ಸಂಭವವಿರುತ್ತದೆ, ಮತ್ತು ವಾರಾಂತ್ಯದಲ್ಲಿ ಉಗ್ರಾಣದಲ್ಲೋ ಹೋಟೆಲಿನಲ್ಲೋ ದುಡಿಯುವ ವಿದ್ಯಾರ್ಥಿಗೆ ಆ ಕಡಿತ ತಿಂಗಳ ದಿನಸಿಯ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಖಾತೆ ತೆರೆಯುವಾಗ ಹಲವು ಬ್ಯಾಂಕುಗಳೂ ಇದೇ ಪತ್ರವನ್ನು ಕೇಳುತ್ತವೆ. ಈ ಮಕ್ಕಳ ಮನೆಯವರು ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ವರ್ಷಕ್ಕೆ 11,904 ಯೂರೋಗಳನ್ನು ವೀಸಾ ಸಿಗುವ ಮೊದಲೇ ತಡೆಹಿಡಿದ ಖಾತೆಯಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಖಾತೆಯಲ್ಲಿ, ಇಟ್ಟಿರುತ್ತಾರೆ. ಊರಿನಲ್ಲಿ ಸಾಲ ಮಾಡಿ, ತೋಟದ ಪತ್ರ ಅಡವಿಟ್ಟು ಕಳಿಸಿದ ಹಣ ಅದು. ಆ ಹಣ ತಿಂಗಳು ತಿಂಗಳು ಕೈಗೆ ಬರಬೇಕಾದರೆ ಇಲ್ಲಿ ನಡೆಯುವ ಖಾತೆಯೊಂದು ಬೇಕು.

ಅಂಚೆ ಪೆಟ್ಟಿಗೆಯ ವಿಷಯವನ್ನೂ ಹೇಳಲೇಬೇಕು. ಈ ದೇಶದಲ್ಲಿ ಫ್ಲ್ಯಾಟಿಗೆ ಸಾಮಾನ್ಯವಾಗಿ ಬಾಗಿಲ ಸಂಖ್ಯೆ ಇರುವುದಿಲ್ಲ. ಕೆಳಗಿನ ಪೆಟ್ಟಿಗೆಯ ಮೇಲೆ ಅಂಟಿಸಿದ ಹೆಸರನ್ನು ನೋಡಿಯೇ ಅಂಚೆಯವರು ಕಾಗದ ಹಾಕುತ್ತಾರೆ. ನೋಂದಣಿ ಬೇಡ ಎನ್ನುವವರು ಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದೂ ಬೇಡ ಎನ್ನುತ್ತಾರೆ. ಬ್ಯಾಂಕ್ ಕಾರ್ಡಿನ ಪಿನ್, ವಿಮೆಯ ಕಾರ್ಡು, ಕಚೇರಿಯ ಪತ್ರ ಎಲ್ಲವೂ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತವೆ. ಬಾಡಿಗೆ ಕೊಟ್ಟು ವಾಸವಾಗಿರುವ ಮನೆಯ ಕೆಳಗೆ ತನ್ನ ಹೆಸರಿನ ಎರಡು ಬೆರಳಗಲದ ಚೀಟಿ ಅಂಟಿಸಲು ಹೆದರುವ ಸ್ಥಿತಿಗೆ ಇಪ್ಪತ್ತೆರಡು ವರ್ಷದ ಹುಡುಗಿಯನ್ನು ತಂದು ನಿಲ್ಲಿಸುವುದು ನನಗೆ ಸಹಿಸಲಾಗದ ಸಂಗತಿ.

ಕಾನೂನು ಈ ವಿಷಯದಲ್ಲಿ ಗೊಂದಲವಿಲ್ಲದೆ ಮಾತನಾಡುತ್ತದೆ. 2015ರ ನವೆಂಬರ್ 1ರಿಂದ ಜಾರಿಯಲ್ಲಿರುವ ಒಕ್ಕೂಟದ ನೋಂದಣಿ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಮನೆ ಕೊಟ್ಟವರು ನೋಂದಣಿಗೆ ಸಹಕರಿಸಲೇಬೇಕು ಮತ್ತು ಯಾರು, ಯಾವ ದಿನ, ಯಾವ ವಿಳಾಸಕ್ಕೆ ಬಂದು ಸೇರಿದರು ಎಂಬುದನ್ನು ದೃಢೀಕರಿಸಿ ಕೊಡಲೇಬೇಕು. ಕೊಡದಿದ್ದರೆ 1,000 ಯೂರೋಗಳವರೆಗೆ ದಂಡವಿದೆ. ಈ ದೃಢೀಕರಣವನ್ನು 2002ರಲ್ಲಿ ಕೈಬಿಟ್ಟಿದ್ದರು; ಜನರು ತಾವಿಲ್ಲದ ವಿಳಾಸಗಳಲ್ಲಿ ಸುಳ್ಳು ನೋಂದಣಿ ಮಾಡಿಸಿಕೊಳ್ಳುವುದನ್ನು ತಡೆಯಲೆಂದು 2015ರಲ್ಲಿ ಮತ್ತೆ ತಂದರು. ಇದು ವಿದೇಶಿಯರ ಮೇಲೆ ಕಣ್ಣಿಡಲು ಮಾಡಿದ ಏರ್ಪಾಡೂ ಅಲ್ಲ. ಮನೆ ಬದಲಿಸಿದ ಜರ್ಮನ್ ಪ್ರಜೆಯೂ ಇದೇ ನಮೂನೆ ಹಿಡಿದು ಇದೇ ಸರದಿಯಲ್ಲಿ ನಿಲ್ಲುತ್ತಾನೆ. ನಮ್ಮ ದೇಶದಲ್ಲಿ ವಿದೇಶಿ ಅತಿಥಿಯನ್ನು ಇಳಿಸಿಕೊಂಡವರು ಸಿ ಫಾರ್ಮ್ ಎಂದು ರೂಢಿಯಲ್ಲಿರುವ ವಿವರವನ್ನು 24 ಗಂಟೆಯೊಳಗೆ ತಾವೇ ಸಲ್ಲಿಸಬೇಕಾಗಿತ್ತು; ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟ ಎಷ್ಟೋ ಕುಟುಂಬಗಳು ಅದನ್ನು ಬೇಸರವಿಲ್ಲದೆ ಮಾಡಿವೆ. ಇಲ್ಲಿ ಕಚೇರಿಗೆ ಹೋಗಿ ಕಾಯುವ ಕೆಲಸವೂ ಹೊಸಬರದೇ. ಮನೆ ಕೊಟ್ಟವರಿಗೆ ಉಳಿದಿರುವುದು ಒಂದು ಪುಟ ತುಂಬಿ ಸಹಿ ಹಾಕುವ ಕೆಲಸವಷ್ಟೇ.

ಈ ವಿಷಯವನ್ನು ಇಲ್ಲಿನ ಕನ್ನಡಿಗರ ಗುಂಪಿನಲ್ಲಿ ಎತ್ತಿದಾಗಲೆಲ್ಲ ಬರುವ ಮೊದಲ ಸಮಜಾಯಿಷಿ, ನಮ್ಮ ಅಪ್ಪ ಅಮ್ಮ ಬಂದಿದ್ದಾಗ ನೋಂದಣಿ ಮಾಡಿಸಲೇ ಇಲ್ಲ, ಏನೂ ಆಗಲಿಲ್ಲ ಎಂಬುದು. ಆಗಬೇಕಾಗಿಯೂ ಇರಲಿಲ್ಲ. ಬೇರೆ ದೇಶದಲ್ಲಿ ನೆಲೆಸಿ ಇಲ್ಲಿಗೆ ತಾತ್ಕಾಲಿಕವಾಗಿ ಬಂದವರಿಗೆ ಕಾಯ್ದೆಯೇ ಮೂರು ತಿಂಗಳ ವಿನಾಯಿತಿ ಕೊಟ್ಟಿದೆ. ಅಲ್ಪಾವಧಿಯ ಷೆಂಗೆನ್ ವೀಸಾದ ಮೇಲೆ ಬಂದು ಮೊಮ್ಮಗುವನ್ನು ನೋಡಿ ಹಿಂದಿರುಗುವ ತಂದೆ ತಾಯಿಯರು ಅದರಲ್ಲಿ ಬರುತ್ತಾರೆ. ಎರಡು ವರ್ಷ ಓದಲು ಬಂದು ಕೋಣೆ ಹಿಡಿದ ವಿದ್ಯಾರ್ಥಿ ಅದರಲ್ಲಿ ಬರುವುದಿಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ ಹೊಸಬರ ದಾರಿ ತಪ್ಪಿಸಬೇಡಿ.

ಎರಡನೆಯ ಸಮಜಾಯಿಷಿ ಸ್ವಲ್ಪ ಗಟ್ಟಿಯಾದದ್ದು. ನಾನೇ ಬಾಡಿಗೆದಾರ, ಒಳಬಾಡಿಗೆಗೆ ಕೊಟ್ಟಿರುವುದು ಮಾಲೀಕರಿಗೆ ತಿಳಿದರೆ ಮನೆ ಬಿಡಿಸುತ್ತಾರೆ ಎನ್ನುತ್ತಾರೆ. ಭಯ ನಿಜವಿರಬಹುದು. ಕೋಣೆ ಕೊಟ್ಟವರು ಮಾಲೀಕರಲ್ಲದಿದ್ದರೆ ನಮೂನೆಯಲ್ಲಿ ಮಾಲೀಕರ ಹೆಸರನ್ನೂ ಬರೆಯಬೇಕು, ಆ ಸಾಲನ್ನು ಕಂಡೇ ಹಲವರು ಹಿಂಜರಿಯುತ್ತಾರೆ. ಆದರೆ ಅದಕ್ಕೆ ದಾರಿಯಿದೆ. ಬಾಡಿಗೆಯ ಕರಾರು ಆದ ಮೇಲೆ ನ್ಯಾಯವಾದ ಕಾರಣ ಹುಟ್ಟಿಕೊಂಡರೆ, ಮನೆಯ ಒಂದು ಭಾಗವನ್ನು ಒಳಬಾಡಿಗೆಗೆ ಕೊಡಲು ಮಾಲೀಕರ ಒಪ್ಪಿಗೆ ಕೇಳುವ ಹಕ್ಕನ್ನು ಇಲ್ಲಿನ ನಾಗರಿಕ ಸಂಹಿತೆಯ 553ನೆಯ ಕಲಮು ಬಾಡಿಗೆದಾರರಿಗೆ ಕೊಟ್ಟಿದೆ. ಒಂದು ಪತ್ರ ಬರೆದು ಕೇಳಬಹುದು. ಒಪ್ಪಿಗೆ ಸಿಕ್ಕಿದ ಮೇಲೆ ದೃಢೀಕರಣ ಪತ್ರಕ್ಕೆ ಬಾಡಿಗೆದಾರರೇ ಸಹಿ ಹಾಕಬಹುದು. ಕೇಳಲು ಧೈರ್ಯವಿಲ್ಲದಿದ್ದರೆ, ಅಥವಾ ಬರುವ ಬಾಡಿಗೆ ಯಾರ ಲೆಕ್ಕಕ್ಕೂ ಸಿಗಬಾರದು ಎಂಬುದು ಒಳಗಿನ ಕಾರಣವಾಗಿದ್ದರೆ, ಕೋಣೆಯನ್ನು ಖಾಲಿ ಬಿಡಿ. ನಿಮ್ಮ ಅಪಾಯವನ್ನು ಈ ದೇಶದ ಭಾಷೆ ಬಾರದ, ಇಲ್ಲಿ ಯಾರೂ ಗೊತ್ತಿಲ್ಲದ ಮಕ್ಕಳ ತಲೆಗೆ ಕಟ್ಟಿ ಅದಕ್ಕೆ ಬಾಡಿಗೆಯನ್ನೂ ವಸೂಲಿ ಮಾಡುವ ಹಕ್ಕು ನಿಮಗಿಲ್ಲ.

ಇಂಥ ಕೋಣೆಗಳೂ ಇಲ್ಲದಿದ್ದರೆ ಮಕ್ಕಳು ಬೀದಿಯಲ್ಲಿರಬೇಕಾಗುತ್ತದೆ ಎನ್ನುವವರಿದ್ದಾರೆ. ದೊಡ್ಡ ಊರುಗಳಲ್ಲಿ ಮನೆಯ ಬರ ಎಷ್ಟೆಂಬುದು ನನಗೂ ಗೊತ್ತಿದೆ, ನಾನೂ ಅಲೆದವಳೇ. ಹತ್ತು ದಿನ ಸೋಫಾ ಮೇಲೆ ಮಲಗಲು ಜಾಗ ಕೊಟ್ಟು, ಬೇರೆ ಕೋಣೆ ಹುಡುಕಿಕೊಡುವುದು ಉಪಕಾರ. ಪೂರ್ತಿ ಬಾಡಿಗೆ ಪಡೆದು, ಆರು ತಿಂಗಳ ಮಾತು ತೆಗೆದುಕೊಂಡು, ವೀಸಾ ಮುಗಿಯುವ ದಿನವನ್ನು ಅವರ ಪಾಡಿಗೆ ಬಿಡುವುದನ್ನು ಉಪಕಾರವೆಂದು ಕರೆಯಲು ನಾನು ಸಿದ್ಧಳಿಲ್ಲ.

ದೂರು ಕೊಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಮನೆ ಕೊಟ್ಟವರು ಸಹಿ ಹಾಕಲು ನಿರಾಕರಿಸಿದರೆ ಕಚೇರಿಗೆ ಕೂಡಲೇ ತಿಳಿಸಬೇಕೆಂದು ಕಾಯ್ದೆಯಲ್ಲೇ ಇದೆ. ಇದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು, ತಿಳಿಸುವುದು ಅವರನ್ನೂ ಕಾಪಾಡುತ್ತದೆ. ಆದರೆ ಬೆಳಿಗ್ಗೆ ತಿಳಿಸಿದರೆ ಸಂಜೆ ಸೂಟ್‌ಕೇಸ್ ಬಾಗಿಲ ಹೊರಗಿರುತ್ತದೆ ಎಂಬ ಹೆದರಿಕೆಯಲ್ಲಿರುವವರು ಹೇಗೆ ತಿಳಿಸುತ್ತಾರೆ? ಕಾನೂನು ಕೊಟ್ಟ ಹಕ್ಕು ಅದನ್ನು ಬಳಸಲು ಎಲ್ಲರಿಗಿಂತ ಕಡಿಮೆ ಶಕ್ತಿಯಿರುವವರ ಕೈಯಲ್ಲಿದೆ, ಮನೆ ಕೊಟ್ಟವರಿಗೆ ಅದು ಚೆನ್ನಾಗಿ ಗೊತ್ತಿದೆ, ಆ ತಿಳಿವಳಿಕೆಯ ಮೇಲೆಯೇ ಈ ವ್ಯವಹಾರ ನಡೆಯುತ್ತಿದೆ. ನನ್ನನ್ನು ಕೆರಳಿಸುವುದು ಇದೇ.

ಈ ಇಕ್ಕಟ್ಟಿನಿಂದ ಇನ್ನೂ ಕೆಟ್ಟದ್ದೊಂದು ಹುಟ್ಟುತ್ತದೆ. ದುಡ್ಡು ಕೊಟ್ಟರೆ ತಮ್ಮ ವಿಳಾಸದಲ್ಲಿ ನೋಂದಣಿ ಮಾಡಿಸಿಕೊಡುತ್ತೇವೆ ಎನ್ನುವವರು ಅಂತರ್ಜಾಲದಲ್ಲಿ ಸಿಗುತ್ತಾರೆ. ವಾಸಿಸದ ಮನೆಯ ವಿಳಾಸವನ್ನು ಹೀಗೆ ಒದಗಿಸುವವರಿಗೆ 50,000 ಯೂರೋಗಳವರೆಗೆ ದಂಡವಿದೆ. ಸುಳ್ಳು ವಿಳಾಸ ಹೊತ್ತ ವಿದ್ಯಾರ್ಥಿಗೆ ಮುಂದೆ ವಾಸದ ಪರವಾನಗಿಯ ಕಚೇರಿಯಲ್ಲಿ ಏನು ಕಾದಿದೆಯೋ ಎಂಬ ದಿಗಿಲು ಬೇರೆ. ಕೋಣೆ ಕೊಟ್ಟವರು ಸಹಿ ಹಾಕಿದ್ದರೆ ಆ ದಿಕ್ಕಿಗೆ ಇವರು ತಲೆ ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ.

ನಮ್ಮ ಗುಂಪುಗಳನ್ನು ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟು. "ಆನ್‌ಮೆಲ್ಡುಂಗ್ ಇಲ್ಲ" ಎಂದು ಬರೆದ ಬಾಡಿಗೆಯ ಜಾಹೀರಾತನ್ನು ಹಾಕಲು ಬಿಡಬೇಡಿ, ಹಾಕಿದ್ದರೆ ತೆಗೆಯಿರಿ. ಅದರ ಬಗ್ಗೆ ಏನನ್ನೂ ಬರೆಯದ ಜಾಹೀರಾತಿದ್ದರೆ ಕೆಳಗೆ ಒಂದು ಸಾಲು ಬರೆದು ಕೇಳಿ. ಊರಿನಿಂದ ಹೊರಡುವ ಮೊದಲೇ ಕೋಣೆ ಗೊತ್ತು ಮಾಡಿಕೊಳ್ಳುವ ಮಕ್ಕಳಿಗೆ, ಮುಂಗಡ ಕಳಿಸುವ ಮೊದಲು ದೃಢೀಕರಣ ಪತ್ರ ಕೊಡುತ್ತೇವೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಲು ಹೇಳಿ. ಕೋಣೆ ಕೊಡುವವರಿಗೆ, ನಮೂನೆ ನಿಮ್ಮ ನಗರದ ಆಡಳಿತದ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ. ಜರ್ಮನ್ ಓದಲು ಕಷ್ಟವಾದರೆ ನನಗೆ ಕರೆ ಮಾಡಿ. ಶನಿವಾರ ಭಾನುವಾರ ಮನೆಯಲ್ಲೇ ಇರುತ್ತೇನೆ, ಒಟ್ಟಿಗೆ ಕೂತು ತುಂಬೋಣ.