ಬೆಳಗಾವಿಯ ಹಿತ್ತಿಲುಗಳಿಗೆ ಜೇನುಪೆಟ್ಟಿಗೆ ಬೇಕೆ?

ಪರ

ಟಿಳಕವಾಡಿ, ಹಿಂದವಾಡಿ, ಶಹಾಪುರಗಳಲ್ಲಿ ಮನೆಯ ಹಿಂದೆ ನಾಲ್ಕು ಮಡಿ ತರಕಾರಿ ಬೆಳೆಯುವವರು ಒಂದಲ್ಲ ಒಂದು ಸಲ ಇದನ್ನು ಕಂಡಿರುತ್ತಾರೆ: ಸೌತೆಬಳ್ಳಿ ಹಂದರದ ತುಂಬ ಹಬ್ಬಿ ಹೂ ಬಿಡುತ್ತದೆ, ಹೆಣ್ಣುಹೂವಿನ ಬುಡದಲ್ಲಿ ಪುಟ್ಟ ಮಿಡಿ ಕಾಣಿಸುತ್ತದೆ, ಮೂರ್ನಾಲ್ಕು ದಿನಗಳಲ್ಲಿ ಅದು ಹಳದಿಯಾಗಿ ಉದುರಿಹೋಗುತ್ತದೆ, ಉಳಿದ ಕಾಯಿಯೂ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣಗಾಗಿ ಸೊಟ್ಟಗೆ ಬೆಳೆಯುತ್ತದೆ. ಗೊಬ್ಬರ ಸಾಲದೆಂದು ಮನೆಯವರು ವಾದಿಸಬಹುದು. ಆದರೆ ಅನೇಕ ಸಲ ನಿಜವಾದ ಕಾರಣ, ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ಮುಟ್ಟಿಸುವ ಹುಳು ಆ ಬೆಳಿಗ್ಗೆ ಬಾರದೆ ಇದ್ದದ್ದು. ಕುಂಬಳದ ಹೂವಂತೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುವುದರಿಂದ, ಆ ಎರಡು-ಮೂರು ತಾಸಿನಲ್ಲಿ ಹುಳು ಬಂದರೆ ಬಂತು, ಇಲ್ಲವಾದರೆ ಕಾಯಿ ಇಲ್ಲ.

ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಬೆಳಕು ಹರಿಯುತ್ತಲೇ ಕೆಲಸಕ್ಕೆ ಹೊರಡುತ್ತದೆ. ಅದು 1960ರ ದಶಕದಲ್ಲಿ ದೇಶಕ್ಕೆ ತಂದು ಸಾಕಿದ ಮೆಲ್ಲಿಫೆರಾದಂತೆ ಪರದೇಶದ ಜೇನಲ್ಲ, ಈ ನೆಲದ್ದೇ ಕಾಡುಜೇನು. ಹೆಜ್ಜೇನು ಬಯಲಿನಲ್ಲಿ ಒಂದೇ ದೊಡ್ಡ ಹುಟ್ಟನ್ನು ಇಳಿಬಿಟ್ಟರೆ, ತುಡುವೆ ಕತ್ತಲೆಯ ಪೊಟರೆಯೊಳಗೆ ಒಂದರ ಪಕ್ಕ ಒಂದರಂತೆ ಹಲವು ಹುಟ್ಟುಗಳನ್ನು ಕಟ್ಟುತ್ತದೆ. ಹಾಗಾಗಿಯೇ ಅದನ್ನು ಪೆಟ್ಟಿಗೆಯಲ್ಲಿ ಸಾಕಲು ಬರುತ್ತದೆ. ಹಳೆಯ ಹೆಂಚಿನ ಮನೆಗಳ ಮಣ್ಣುಗೋಡೆಯ ಸಂದು, ಬಾವಿಯ ಕಲ್ಲುಕಟ್ಟಡದ ಎಡೆ, ಮಾವು-ಹುಣಸೆಗಳ ಪೊಟರೆ ಅದರ ಮನೆಗಳಾಗಿದ್ದವು. ಆ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿ, ಬಾವಿಗಳನ್ನು ಮುಚ್ಚಿ, ಮುದಿಮರಗಳನ್ನು ಕಡಿದ ಮೇಲೆ ಊರೊಳಗೆ ತುಡುವೆಗೆ ನೆಲೆಯೇ ಅಪರೂಪವಾಗಿದೆ. ನಾವೇ ಕಿತ್ತುಕೊಂಡ ಪೊಟರೆಯನ್ನು ಹಲಗೆಯಲ್ಲಿ ಮಾಡಿ ಹಿಂದಿರುಗಿಸುವುದಕ್ಕೆ ಆಕ್ಷೇಪಿಸುವುದು ನನಗೆ ಸರಿಕಾಣುವುದಿಲ್ಲ.

ಕಚ್ಚುತ್ತವೆಂಬ ಭಯ ಸುಳ್ಳಲ್ಲ, ಆದರೆ ಹೆಜ್ಜೇನಿನ ರೋಷವನ್ನು ತುಡುವೆಯ ಮೇಲೆ ಹೇರುವುದು ಅನ್ಯಾಯ. ಅದರ ಹಾರುದಾರಿಗೆ ಅಡ್ಡ ನಿಲ್ಲದಂತೆ ಪೆಟ್ಟಿಗೆಯನ್ನು ಕಂಪೌಂಡಿನ ಮೂಲೆಯಲ್ಲಿ ಇಟ್ಟರೆ ಮಕ್ಕಳು ಅಂಗಳದಲ್ಲಿ ಆಡಿಕೊಂಡಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟಿಗೆ ಇಟ್ಟವನು ಹೂ ಬಿಟ್ಟ ಗಿಡಕ್ಕೆ ಔಷಧ ಹೊಡೆಯುವುದಿಲ್ಲ, ಪಕ್ಕದ ಮನೆಯವರನ್ನೂ ಹೊಡೆಯದಂತೆ ಕೇಳಿಕೊಳ್ಳುತ್ತಾನೆ. ಆ ಔಷಧ ತಪ್ಪಿದರೆ ಉಳಿಯುವುದು ತುಡುವೆ ಮಾತ್ರವಲ್ಲ, ಚಿಟ್ಟೆ, ದುಂಬಿ, ಹೂನೊಣಗಳೂ ಉಳಿಯುತ್ತವೆ.

ವಿರೋಧ

ಮೇಲಿನ ವಾದದಲ್ಲಿ ಸೌತೆ-ಕುಂಬಳಗಳ ಮಾತು ಇದೆ, ಬದನೆಯ ಮಾತು ಇಲ್ಲ. ಬೆಳಗಾವಿಯ ಹಿತ್ತಿಲಿನಲ್ಲಿ ಬದನೆ, ಟೊಮೆಟೊ ಇಲ್ಲದ ಮಡಿ ಹುಡುಕಿದರೆ ಸಿಗಲಾರದು, ಆದ್ದರಿಂದ ಇದು ಸಣ್ಣ ಮರೆವಲ್ಲ. ಈ ಗಿಡಗಳ ಪರಾಗಕೋಶ ಡಬ್ಬಿಯ ಮುಚ್ಚಳದಂತೆ ಬಾಯಿ ತೆರೆದುಕೊಳ್ಳುವುದಿಲ್ಲ. ಬದನೆಯಲ್ಲಿ ಅದರ ತುದಿಯಲ್ಲಿ ಸಣ್ಣ ರಂಧ್ರವಿರುತ್ತದೆ, ಅಲುಗಿಸಿದರೆ ಮಾತ್ರ ಪರಾಗ ಉದುರುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿಜೇನು ಆ ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಬಡಿಯದೆಯೇ ಎದೆಯ ಸ್ನಾಯುಗಳನ್ನು ನಡುಗಿಸಿ, ಗುಂಯ್ ಎಂದು ಸದ್ದು ಮಾಡುತ್ತ ಪರಾಗವನ್ನು ಇಳಿಸಿಕೊಳ್ಳುತ್ತದೆ. ಒಣಮರ ಕೊರೆದು ಗೂಡು ಮಾಡುವ ಕರಿ ದುಂಬಿಗೂ ಈ ವಿದ್ಯೆ ಗೊತ್ತು. ತುಡುವೆಗೆ ಗೊತ್ತಿಲ್ಲ, ಮೆಲ್ಲಿಫೆರಾಕ್ಕೂ ಗೊತ್ತಿಲ್ಲ. ಇನ್ನು ಸೋರೆಯ ಬಿಳಿ ಹೂ ಅರಳುವುದೇ ಮುಸ್ಸಂಜೆಗೆ, ಪೆಟ್ಟಿಗೆಯ ಹುಳುಗಳು ಗೂಡು ಸೇರುವ ಹೊತ್ತಿಗೆ. ಅದರ ಕೆಲಸವನ್ನು ಹೆಚ್ಚಾಗಿ ಪತಂಗಗಳು ಮಾಡುತ್ತವೆ.

ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ಜೇನುಜಾತಿಗಳು 20,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುವಂಥವು: ರಾಣಿಯಿಲ್ಲ, ಕೂಡಿಡುವ ತುಪ್ಪವಿಲ್ಲ, ಒಬ್ಬಳೇ ತಾಯಿ ಹೆಚ್ಚಾಗಿ ನೆಲದಲ್ಲಿ ಬಿಲ ತೋಡಿ, ಪರಾಗದ ಉಂಡೆಯ ಮೇಲೆ ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತಾಳೆ. ಇವಳಿಗೆ ಬೇಕಾದದ್ದು ಬಿಸಿಲು ಬೀಳುವ ಬರಿಮಣ್ಣು. ನಾವು ಮಾಡಿರುವುದೇನೆಂದರೆ, ಕೆಸರಾಗುತ್ತದೆಂದು ಅಂಗಳಕ್ಕೆಲ್ಲ ಪೇವರ್ ಹಾಸಿ, ಉಳಿದ ಜಾಗದಲ್ಲಿ ಹುಲ್ಲುಹಾಸು ಬೆಳೆಸಿ, ಕುಂಡಗಳಲ್ಲಿ ದುಪ್ಪಟ್ಟು ಎಸಳಿನ ಗುಲಾಬಿ ಇಟ್ಟಿದ್ದೇವೆ. ಅದರ ಪರಾಗ ಎಸಳುಗಳ ಒತ್ತಿನಲ್ಲಿ ಹುಳುವಿಗೆ ಸಿಗುವುದೇ ಕಷ್ಟ. ಆ ಗುಲಾಬಿಯ ಎಲೆಯನ್ನು ಯಾರೋ ಕತ್ತರಿಯಿಂದ ಅರ್ಧಚಂದ್ರಾಕಾರವಾಗಿ ಕತ್ತರಿಸಿದಂತೆ ಕಂಡರೆ ಕೀಟಬಾಧೆಯೆಂದು ಔಷಧ ತರಲು ಓಡುವವರಿದ್ದಾರೆ (ನಾನೂ ಒಮ್ಮೆ ಓಡಿದ್ದೆ). ಅದು ಎಲೆಯ ತುಂಡುಗಳಿಂದ ಮರಿಗೆ ತೊಟ್ಟಿಲು ಕಟ್ಟುವ ಒಂಟಿಜೇನಿನ ಕೆಲಸ. ನಮ್ಮ ತೊಗರಿಯ ಹೂವಿಗೆ ಬರುವುದೂ ಇದೇ ಬಳಗ. ಇಂಥ ಅಂಗಳಕ್ಕೆ ಸಾವಿರಾರು ಹುಳುಗಳ ಒಂದು ಪೆಟ್ಟಿಗೆ ತಂದಿಟ್ಟರೆ, ಇರುವ ಸ್ವಲ್ಪ ಹೂವಿನಲ್ಲಿ ಒಂಟಿಜೇನಿನ ಪಾಲು ಮತ್ತಷ್ಟು ಕಡಿಮೆಯಾಗಬಹುದು. ಪೆಟ್ಟಿಗೆಯ ಹುಳು ಕಿಲೋಮೀಟರ್ ದೂರ ಹೋಗಿ ಮೇಯಬಲ್ಲದು. ಒಂಟಿಜೇನುಗಳಲ್ಲಿ ಅನೇಕವು ಕೆಲವು ನೂರು ಮೀಟರುಗಳಾಚೆ ಹೋಗಲಾರವು.

ಪೊಟರೆಯನ್ನು ಹಿಂದಿರುಗಿಸುವ ಮಾತು ಕೇಳಲು ಚೆನ್ನಾಗಿದೆ. ಆದರೆ ಆ ಪೆಟ್ಟಿಗೆಗೆ ತುಂಬುವ ಕುಟುಂಬವನ್ನು ಎಷ್ಟೋ ಸಲ ಇನ್ನೊಂದು ಪೊಟರೆಯಿಂದಲೇ ಹಿಡಿದು ತರುತ್ತಾರೆ. ಖಾನಾಪುರದ ಕಾಡಿನ ಮರದಲ್ಲಿ ನೆಮ್ಮದಿಯಾಗಿದ್ದದ್ದನ್ನು ಟಿಳಕವಾಡಿಗೆ ತಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಜಡಿಮಳೆಯಲ್ಲಿ ಸಕ್ಕರೆಪಾಕ ಕುಡಿಸಿ ಬದುಕಿಸಬೇಕಾಗುತ್ತದೆ. ಪಾಕ ಮರೆತರೆ, ಮೇಣದ ಪತಂಗ ಹೊಕ್ಕರೆ, ತುಡುವೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ರೋಗದ ವಿಷಯವೂ ಇದೆ. 1990ರ ದಶಕದ ಆರಂಭದಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದಲ್ಲಿ ತುಡುವೆ ಕುಟುಂಬಗಳನ್ನು ಭಾರೀ ಪ್ರಮಾಣದಲ್ಲಿ ಅಳಿಸಿತ್ತು. ಒತ್ತೊತ್ತಾಗಿ ಇಟ್ಟ, ಅನುಭವವಿಲ್ಲದವರು ನೋಡಿಕೊಳ್ಳುವ ಪೆಟ್ಟಿಗೆಗಳು ಇಂಥ ರೋಗಕ್ಕೆ ಸುಲಭದ ದಾರಿ.

ಔಷಧ ಬಿಡಿಸುವ ಲಾಭವನ್ನು ಮಾತ್ರ ನಾನು ಒಪ್ಪುತ್ತೇನೆ, ಅದಕ್ಕೆ ಪೆಟ್ಟಿಗೆಯೇ ಬೇಕೆಂಬುದನ್ನು ಒಪ್ಪುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆಗಳ ಒಂದು ಸಾಲನ್ನು ಕೀಳದೆ ಹೂವಿಗೆ ಬಿಟ್ಟು, ತುಂಬೆಯನ್ನು ಕಳೆಯೆಂದು ಕಿತ್ತೆಸೆಯದೆ, ತುಳಸಿಯ ಕದಿರನ್ನು ಚಿವುಟದೆ, ಗೋಡೆಯ ಬದಿಗೆ ಚಾಪೆಯಗಲದ ಮಣ್ಣನ್ನು ಅಗೆಯದೆ ಬಿಟ್ಟರೆ ಬೇಕಾದ ಹುಳುಗಳು ತಾವಾಗಿ ಬರುತ್ತವೆ. ಪೆಟ್ಟಿಗೆಗೆ ತಕ್ಕ ಜಾಗ ವಿಜಯಪುರದ ಕಡೆಯ ಸೂರ್ಯಕಾಂತಿಯ ಹೊಲ, ಬಾಗಲಕೋಟೆಯ ಈರುಳ್ಳಿ ಬೀಜದ ತಾಕು; ಅಲ್ಲಿ ಎಕರೆಗಟ್ಟಲೆ ಒಂದೇ ಬೆಳೆ ಒಮ್ಮೆಲೇ ಹೂವಾಗುತ್ತದೆ, ಅಷ್ಟು ಹೂವಿಗೆ ಅಷ್ಟೇ ಹುಳುಗಳು ಆ ಎರಡು-ಮೂರು ವಾರಗಳ ಮಟ್ಟಿಗೆ ನಿಜವಾಗಿಯೂ ಬೇಕಾಗುತ್ತವೆ.